ಮೋಡದ ಬೆಳಕನ್ನು ಹಾಳೆಯ ಅಂಚಿಗೆ ತಂದದ್ದು

ಚಿಕ್ಕಮಗಳೂರಿನ ಮಳೆಗಾಲದಲ್ಲಿ ಬೆಳಕು ಇದ್ದೇ ಇರುತ್ತದೆ, ಆದರೆ ಮೋಡದಲ್ಲಿ ಚದುರಿ ಎಲ್ಲ ದಿಕ್ಕಿನಿಂದ ಬರುತ್ತದೆ. ಮಸೂರ, ಕನ್ನಡಿಗಳಿಂದ ಅದನ್ನು ಒಂದೆಡೆ ಕೂಡಿಸಲಾಗದು. ಅದಕ್ಕೇ, ಆ ಬೆಳಕನ್ನು ಪುಟ್ಟ ಸೌರ ಸೆಲ್‌ಗೆ ತಲುಪಿಸಿ ಕರೆಂಟ್ ಪಡೆಯಲು, ಹೊಳೆಯುವ ಅಕ್ರಿಲಿಕ್ (ಪಾರದರ್ಶಕ ಪ್ಲಾಸ್ಟಿಕ್) ಹಾಳೆಯ ದಾರಿ ಹಿಡಿದೆ. 1970ರ ದಶಕದ ವಿಚಾರವಿದು: ಹಾಳೆಯೊಳಗಿನ ಬಣ್ಣ ನೀಲಿ, ಹಸಿರು ಬೆಳಕನ್ನು ಹೀರಿ ಕೆಂಪು ಬೆಳಕಾಗಿ ಬಿಡುತ್ತದೆ. ಅಕ್ರಿಲಿಕ್‌ನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ, ಸುಮಾರು 1.49. ಹಾಗಾಗಿ ಒಳಗೆ ಹುಟ್ಟಿದ ಬೆಳಕಿನ ಸುಮಾರು ಮುಕ್ಕಾಲು ಪಾಲು ಅಲ್ಲೇ ಸಿಕ್ಕಿಬಿದ್ದು, ಒಳಗೇ ಪ್ರತಿಫಲಿಸುತ್ತ ಅಂಚಿನತ್ತ ಸಾಗುತ್ತದೆ. ಸಿಲಿಕಾನ್ ಸೆಲ್‌ಗೂ ಕೆಂಪು ಬೆಳಕು ಚೆನ್ನಾಗಿ ಒಗ್ಗುತ್ತದೆ.

ನಾಮಫಲಕ ಮಾಡುವವರಲ್ಲಿ ಕಿತ್ತಳೆಗೆಂಪಿನ ಹಾಳೆ ಸಿಕ್ಕಿತು. ಕೊಳ್ಳುವಾಗ ಅಂಚು ನೋಡಿ: ಮೈಗಿಂತ ಅಂಚು ಹೆಚ್ಚು ಹೊಳೆಯಬೇಕು, ಇಲ್ಲದಿದ್ದರೆ ಅದು ಬರೀ ಬಣ್ಣದ ಪ್ಲಾಸ್ಟಿಕ್. 20 ಸೆಂ.ಮೀ. ಚೌಕ, 5 ಮಿ.ಮೀ. ದಪ್ಪ ಎಂದರೆ ಮೈ 400 ಚದರ ಸೆಂ.ಮೀ., ನಾಲ್ಕೂ ಅಂಚು ಸೇರಿ 40: ಹತ್ತು ಪಟ್ಟು ದೊಡ್ಡ ಮೈಗೆ ಬಿದ್ದ ಬೆಳಕು ಅಂಚಿನತ್ತ ಕೂಡುತ್ತದೆ.

ಕೆಲಸದ ತಿರುಳೆಲ್ಲ ಅಂಚಿನಲ್ಲಿದೆ. ಗರಗಸದ ಅಂಚು ಒರಟು, ಬೆಳಕನ್ನು ಚೆದುರಿಸುತ್ತದೆ. ನೀರು ಹಾಕುತ್ತ ಒರಟಾದ 400 ನಂಬರಿನಿಂದ ನಯವಾದ 2000 ನಂಬರಿನವರೆಗಿನ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಪಾಲಿಶ್ ಹಚ್ಚಿ ಗಾಜಿನಂತೆ ಮಾಡಿದೆ. ಸಪೂರ ಸೆಲ್ ಪಟ್ಟಿಯನ್ನು ಒಂದು ಅಂಚಿಗೆ ಪಾರದರ್ಶಕ ಸಿಲಿಕೋನ್ ಅಂಟಿನಿಂದ ಅಂಟಿಸಿದೆ. ನಡುವೆ ಗಾಳಿ ಉಳಿದರೆ ಬೆಳಕಿನ ಒಂದು ಪಾಲು ಹೊರಬಾರದೆ ಹಿಂದಿರುಗುತ್ತದೆ. ಉಳಿದ ಮೂರಕ್ಕೆ ಕನ್ನಡಿ ಟೇಪ್. ಹಾಳೆಯ ಕೆಳಗೆ ಬಿಳಿ ಕಾಗದ, ಆದರೆ ಅಂಟಿಸದೆ: ಅಲ್ಲಿ ಗಾಳಿಯ ಪದರ ಬೇಕೇ ಬೇಕು, ಅದಿಲ್ಲದಿದ್ದರೆ ಒಳಗಿನ ಪ್ರತಿಫಲನವೇ ಕೆಟ್ಟುಹೋಗುತ್ತದೆ.

ದೊಡ್ಡ ಹಾಳೆ ಹಾಕಿದರೆ ಹೆಚ್ಚು ಲಾಭವಲ್ಲವೇ ಎಂದು ಹಲವರು ಕೇಳುತ್ತಾರೆ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಸೆಲ್‌ನಿಂದ ದೂರ ಸರಿಸುತ್ತ ಮಲ್ಟಿಮೀಟರಿನಲ್ಲಿ ಕರೆಂಟ್ ನೋಡಿ, ಇಳಿಯುತ್ತ ಹೋಗುತ್ತದೆ. ಬಣ್ಣ ತಾನೇ ಬಿಟ್ಟ ಬೆಳಕಿನ ಒಂದು ಪಾಲನ್ನು ದಾರಿಯಲ್ಲಿ ಮತ್ತೆ ಹೀರುತ್ತದೆ. ಹೀರುವ ಬೆಳಕಿನ ಬಣ್ಣಕ್ಕೂ ಬಿಡುವ ಬೆಳಕಿನ ಬಣ್ಣಕ್ಕೂ ದೊಡ್ಡ ಅಂತರವಿರುವ ಕ್ವಾಂಟಮ್ ಡಾಟ್‌ಗಳನ್ನು (ಅತಿ ಸಣ್ಣ ಅರೆವಾಹಕ ಕಣಗಳನ್ನು) ಸಂಶೋಧಕರು ಹುಡುಕುತ್ತಿರುವುದು ಇದಕ್ಕೇ.

ಚಾವಣಿಯ ಮೇಲೆ ಜಾಗವಿದ್ದರೆ ಮಾಮೂಲಿ ಪ್ಯಾನೆಲ್ಲನ್ನೇ ಹಾಕಿ. ಇಂಥ ಹಾಳೆಗಳಲ್ಲಿ 2008ರಲ್ಲಿ ವರದಿಯಾದ, ಹೆಸರಾದ ಪುಟ್ಟ ಮಾದರಿಯೇ ಬಿದ್ದ ಬೆಳಕಿನ 7.1 ಪ್ರತಿಶತವನ್ನಷ್ಟೇ ವಿದ್ಯುತ್ತಾಗಿ ಕೊಟ್ಟಿತ್ತು, ಇಂದಿನ ಪ್ಯಾನೆಲ್‌ಗಳು 20 ದಾಟಿವೆ. ನನ್ನ ಹಾಳೆ ಉತ್ತರದ ಕಿಟಕಿಯಲ್ಲಿದೆ. ಅಲ್ಲಿ ಕೋಣೆಗೆ ಬೆಳಕೂ ಬರಬೇಕು, ಹಾಗಾಗಿ ಕಾಗದ ಇಟ್ಟಿಲ್ಲ. ಬಿಸಿಲಿಗೆ ಬಣ್ಣ ಮಾಸುವುದರಿಂದ ಪಕ್ಕದಲ್ಲೇ ಒಂದು ಬರಿಯ ಸೆಲ್ ಇಟ್ಟು, ಆಗಾಗ ಎರಡರ ಕರೆಂಟನ್ನೂ ಹೋಲಿಸಿ ಬರೆದಿಡುತ್ತೇನೆ.