ಉಪ್ಪುನೀರು ಎಷ್ಟು ಡಿಗ್ರಿಗೆ ಹೆಪ್ಪುಗಟ್ಟುತ್ತದೆ? ಅಳೆದು ನೋಡುವ ಬಗೆ

ನೀರಿನಲ್ಲಿ ಏನನ್ನಾದರೂ ಕರಗಿಸಿದರೆ ಅದು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ, ಇನ್ನೂ ಕೆಳಗಿಳಿಯಬೇಕು. ಎಷ್ಟು ಕೆಳಗೆ ಎಂಬುದನ್ನು ನಿರ್ಧರಿಸುವುದು ಕರಗಿದ ವಸ್ತುವಿನ ತೂಕವಲ್ಲ, ಕಣಗಳ ಸಂಖ್ಯೆ. ಪುಸ್ತಕದಲ್ಲಿ ಎಷ್ಟು ಸಲ ಓದಿದ್ದರೂ ನನಗೆ ಇದು ಮನದಟ್ಟಾದದ್ದು ಅಳೆದು ನೋಡಿದ ದಿನವೇ.

ಮೂರು ಲೋಟಗಳಲ್ಲಿ ತಲಾ 100 ಗ್ರಾಂ ನೀರು ತೆಗೆದುಕೊಳ್ಳಿ. ಒಂದನ್ನು ಹಾಗೆಯೇ ಬಿಡಿ. ಎರಡನೆಯದಕ್ಕೆ 34 ಗ್ರಾಂ ಸಕ್ಕರೆ, ಮೂರನೆಯದಕ್ಕೆ 5.8 ಗ್ರಾಂ ಉಪ್ಪು ಹಾಕಿ ಪೂರ್ತಿ ಕರಗಿಸಿ. ಸಕ್ಕರೆಯ ಅಣು ಉಪ್ಪಿನದಕ್ಕಿಂತ ಸುಮಾರು ಆರು ಪಟ್ಟು ಭಾರವಾದ್ದರಿಂದ, ಎರಡರ ಎಣಿಕೆಯೂ ಒಂದೇ ಆಗಲೆಂದು ಈ ಅಳತೆ.

ಇನ್ನು ತಣಿಸುವ ಪಾತ್ರೆ. ಪುಡಿ ಮಾಡಿದ ಮಂಜುಗಡ್ಡೆ ಮೂರು ಪಾಲು, ಉಪ್ಪು ಒಂದು ಪಾಲು ಕಲಸಿ. ಇದು ಫ್ರೀಜರಿನಷ್ಟೇ ತಣ್ಣಗಾಗುತ್ತದೆ; ಬರಿಗೈಯಲ್ಲಿ ಮುಟ್ಟಬೇಡಿ. ಥರ್ಮಾಮೀಟರನ್ನು ಮೊದಲು ಬರೀ ಮಂಜುಗಡ್ಡೆ ಬೆರೆತ ನೀರಿನಲ್ಲಿಟ್ಟು ಸೊನ್ನೆ ತೋರಿಸುತ್ತದೆಯೇ ಎಂದು ನೋಡಿಕೊಳ್ಳಿ.

ತೆಳು ಗಾಜಿನ ಹೊಸ ಪ್ರನಾಳಕ್ಕೆ ಎರಡು ಬೆರಳು ಎತ್ತರ ಶುದ್ಧ ನೀರು ಸುರಿದು ಪಾತ್ರೆಯಲ್ಲಿ ನಿಲ್ಲಿಸಿ, ನಿಧಾನವಾಗಿ ಕಲಕುತ್ತಿರಿ. ಅಂಕಿ ಸೊನ್ನೆ ದಾಟಿ ಇನ್ನೂ ಇಳಿಯಬಹುದು, ನೀರು ಮಾತ್ರ ತಿಳಿಯಾಗಿಯೇ ಇರುತ್ತದೆ. ಗಾಬರಿ ಬೇಡ, ಅದು ಅತಿಶೀತಲ ಸ್ಥಿತಿ. ಸಾಸಿವೆ ಕಾಳಿನಷ್ಟು ಮಂಜುಗಡ್ಡೆಯ ಚೂರು ಹಾಕಿ: ಸೂಜಿಯಂಥ ಹರಳುಗಳು ಸರ್ರನೆ ಹಬ್ಬುತ್ತವೆ, ಅಂಕಿ ಸೊನ್ನೆಗೆ ಮರಳಿ ಅಲ್ಲೇ ನಿಲ್ಲುತ್ತದೆ. ಹೆಪ್ಪುಗಟ್ಟುವಾಗ ಹೊರಬಂದ ಶಾಖವೇ ಅದನ್ನು ಮೇಲೆತ್ತುವುದು. ಎಷ್ಟನೆಯ ಸಲ ನೋಡಿದರೂ ಆ ಕ್ಷಣಕ್ಕೆ ನಾನು ಉಸಿರು ಬಿಗಿಹಿಡಿಯುತ್ತೇನೆ.

ಉಳಿದೆರಡನ್ನೂ ಹೀಗೆಯೇ ತಣಿಸಿ ನೋಡಿ: ಸಕ್ಕರೆ ನೀರು ಮೈನಸ್ 2ರ ಆಸುಪಾಸಿನಲ್ಲಿ, ಉಪ್ಪುನೀರು ಸುಮಾರು ಮೈನಸ್ 3.4ರಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಸಕ್ಕರೆಯ ಅಣು ಇಡಿಯಾಗಿ ಉಳಿಯುತ್ತದೆ. ಉಪ್ಪು ಸೋಡಿಯಂ, ಕ್ಲೋರೈಡ್ ಅಯಾನುಗಳಾಗಿ ಒಡೆದು ಕಣಗಳು ಇಮ್ಮಡಿಯಾಗುತ್ತವೆ.

ದ್ರಾವಣಗಳಲ್ಲಿ ಅಂಕಿ ಒಂದೆಡೆ ನಿಲ್ಲದೆ ಜಾರುತ್ತಲೇ ಹೋಗುತ್ತದೆ. ಆದ್ದರಿಂದ ಹರಳು ಕಾಣಿಸಿಕೊಂಡೊಡನೆ ಏರಿದ ಗರಿಷ್ಠ ಅಂಕಿಯನ್ನೇ ಬರೆದುಕೊಳ್ಳಿ. ಜಾರುವುದೇಕೆ? ಅರ್ಧ ಗಟ್ಟಿಯಾದ ಉಪ್ಪುನೀರಿನ ದ್ರವವನ್ನು ಬೇರೆ ಬಸಿದುಕೊಂಡು, ಉಳಿದ ಹರಳುಗಳನ್ನು ತಣ್ಣೀರಿನಲ್ಲಿ ಒಮ್ಮೆ ತೊಳೆದು, ಎರಡನ್ನೂ ನಾಲಿಗೆಗೆ ಹಚ್ಚಿ ನೋಡಿ. ಹರಳು ಬಹುಪಾಲು ಸಪ್ಪೆ. ಅದು ಹೊರತಳ್ಳಿದ ಉಪ್ಪೆಲ್ಲ ದ್ರವದಲ್ಲಿ ಸೇರಿಕೊಂಡಿರುತ್ತದೆ.