ಶಾಣ್ಯಾ ಮಕ್ಕಳು, ದಣಿದ ತಾಯಂದಿರು: ನಮ್ಮ ಪಡಸಾಲೆಯ ಭಾನುವಾರ

"ಇದೇನ್ರಿ, ಹರಟಿ ಕಟ್ಟಿ ನಡಸಾಕತ್ತೀರೇನು?" ಅಂತ ನಕ್ಕವರೇ ಈಗ "ನಮ್ಮ ಹುಡುಗನ್ನೂ ಸೇರಿಸ್ಕೊಳ್ರಿ ಅಕ್ಕಾರ" ಅನ್ನುತ್ತಿದ್ದಾರೆ. ಶಾಣ್ಯಾ, ಅಂದರೆ ವಯಸ್ಸಿಗೆ ಮೀರಿ ತಲೆ ಓಡುವ ಮಕ್ಕಳಿರುವ ಕೆಲವು ಮನೆಯವರು ಭಾನುವಾರ ಧಾರವಾಡದ ನಮ್ಮ ಮನೆಯಲ್ಲಿ ಸೇರುತ್ತೇವೆ, ಅದರ ಮಾತು ಇದು. ಅದಕ್ಕೇ ಬರೆಯಲು ಕೂತೆ. ಮಗು ಕ್ಲಾಸಿನಲ್ಲಿ ಆಕಳಿಸುವುದು, ಡೈರಿಯಲ್ಲಿ ದೂರು ಬರುವುದು, ರಾತ್ರಿ ಹನ್ನೊಂದಕ್ಕೆ "ಸೊನ್ನೆಯಿಂದ ಯಾಕೆ ಭಾಗಿಸಬಾರದು" ಅನ್ನುವುದು ಇಂಥ ಮಕ್ಕಳ ತಾಯಂದಿರಾದ ನಿಮಗೇನೂ ಹೊಸದಲ್ಲ. ನೇರ ಖರ್ಚಿಗೆ ಬರುತ್ತೇನೆ.

ಮೊದಲು ಅಬ್ಯಾಕಸ್, ಮಣಿ ಸರಿಸಿ ಲೆಕ್ಕ ಮಾಡಲು ಕಲಿಸುವ ಕ್ಲಾಸು. ಲೆವೆಲ್ ಲೆವೆಲ್ ಅಂತ 16,000 ಹೋಯಿತು. ಮಗಳು ಪುಸ್ತಕವನ್ನು ವಾರದಲ್ಲಿ ಮುಗಿಸಿದರೆ, ಮುಂದಿನ ಲೆವೆಲ್ ಮೂರು ತಿಂಗಳಾದ ಮೇಲೆ ಅಂದರು. ಆಮೇಲೆ ಒಂದು ಆನ್‌ಲೈನ್ ಕೋರ್ಸ್, ಸುಮಾರು 22,000. ನೋಡಿದರೆ ಎಲ್ಲಾ ರೆಕಾರ್ಡ್ ಮಾಡಿದ ವಿಡಿಯೋ, ಪ್ರಶ್ನೆ ಕೇಳಲು ಆ ಕಡೆ ಯಾರೂ ಇಲ್ಲ. ಖಾಸಗಿಯವರು ನಡೆಸುವ ಒಲಿಂಪಿಯಾಡ್ ಪರೀಕ್ಷೆಗಳ ಪದಕಗಳು ಒಂದು ಡಬ್ಬಿ ತುಂಬ ಇವೆ, ಬೇಕಿದ್ದರೆ ಕೊಡುತ್ತೇನೆ.

ಬುದ್ಧಿಮತ್ತೆ ಪರೀಕ್ಷೆಗೆ 3,500 ಕೊಟ್ಟೆವು, ಬಿನೆ-ಕಾಮತ್ ಮಾಡಿದರು. ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆಂದೇ ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಹೊಂದಿಸಿದ ಪರೀಕ್ಷೆ ಅದು ಅಂತ ಗೊತ್ತಾದಾಗ ಖುಷಿಯಾಯಿತು, ನಿಜ. ಆದರೆ ವರದಿಯಲ್ಲಿ ಒಂದು ಅಂಕಿ ಬಿಟ್ಟರೆ ಮುಂದೇನು ಮಾಡಬೇಕು ಅನ್ನುವುದಕ್ಕೆ ಒಂದು ಸಾಲೂ ಇರಲಿಲ್ಲ.

ಬೆಂಗಳೂರಿನಲ್ಲಿ ದಾರಿಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಆವರಣದಲ್ಲಿರುವ ಎನ್‌ಐಎಎಸ್ ಅನ್ನುವ ಅಧ್ಯಯನ ಸಂಸ್ಥೆಯವರು ಇಂಥ ಮಕ್ಕಳನ್ನು ಗುರುತಿಸುವ ಕೆಲಸ ಮಾಡಿದ್ದಾರೆ. ಐಸಿಟಿಎಸ್ ಅನ್ನುವ ವಿಜ್ಞಾನ ಸಂಶೋಧನಾ ಕೇಂದ್ರದವರ ಗಣಿತ ಕೂಟ ಇದೆ. ಈ ಕಡೆ ಪುಣೆಯಲ್ಲಿ ಜ್ಞಾನ ಪ್ರಬೋಧಿನಿ ಅನ್ನುವ ಶಿಕ್ಷಣ ಸಂಸ್ಥೆ 1962ರಿಂದ ಇದೇ ಕೆಲಸದಲ್ಲಿದೆ. ಧಾರವಾಡದಿಂದ ಬೆಂಗಳೂರು ನಾನೂರು ಕಿಲೋಮೀಟರ್ ಮೇಲೆ. ಒಂದು ಸಲ ಮೂವರೂ ಹೋಗಿ ಬಂದರೆ ಐದಾರು ಸಾವಿರ, ಜೊತೆಗೆ ಮಗುವಿಗೆ ಎರಡು ದಿನದ ಸುಸ್ತು. ಅದು ನಮ್ಮ ಕೈಲಾಗುವ ಮಾತಲ್ಲ. ಶಾಲೆಯಲ್ಲಿ "ಗಣಿತಕ್ಕೆ ಮಾತ್ರ ಏಳನೇ ಕ್ಲಾಸಿಗೆ ಕೂಡಿಸಿ" ಅಂತ ಕೇಳಿದೆವು. ಟೈಂಟೇಬಲ್ ಹೊಂದಲ್ಲ ಅಂದರು.

ಆಗ ನನಗೆ ಹೊಳೆದದ್ದು ಇಷ್ಟೇ: ಸಂಸ್ಥೆ ಹುಡುಕುವುದು ಸಾಕು, ಮನುಷ್ಯರನ್ನು ಹುಡುಕಬೇಕು. ಯಜಮಾನರು ನಂಬಲಿಲ್ಲ, ಅತ್ತೆಯಂತೂ "ಇದ್ದದ್ದು ಸಾಲದೇನು?" ಅಂದರು. ನಾನು ಕೇಳಿದ್ದು ಟೀಚರುಗಳನ್ನಲ್ಲ, ಲೈಬ್ರರಿಯವರನ್ನು. "ವಯಸ್ಸಿಗೆ ಮೀರಿದ ಪುಸ್ತಕ ಒಯ್ಯೋ ಹುಡುಗರು ಯಾರದಾರ್ರಿ?" ಅವರು ಹೆಸರು ಹೇಳಲಿಲ್ಲ, ನನ್ನ ಫೋನ್ ನಂಬರನ್ನೇ ಆ ಮಕ್ಕಳ ಮನೆಗೆ ಕಳಿಸಿದರು. ಚೆಸ್ ಟೂರ್ನಮೆಂಟ್ ನಡೆಸುವವರನ್ನೂ ಕೇಳಿದೆ. ಮೂರು ತಿಂಗಳಲ್ಲಿ ನಾಲ್ಕು ಮನೆಯವರು ಸೇರಿದೆವು.

ಮೊದಲ ಎರಡು ಮೂರು ಭಾನುವಾರ ಕೆಟ್ಟೇ ಹೋದವು. ಅಪ್ಪಂದಿರು ಮಾರ್ಕ್ಸ್ ಹೋಲಿಸಿದರು, ಒಂದು ಮನೆಯವರು ಬರುವುದನ್ನೇ ಬಿಟ್ಟರು. ಆಮೇಲೆ ಕಟ್ಟುನಿಟ್ಟು ಮಾಡಿದೆ: ಮಕ್ಕಳು ಒಳಗೆ ಕೋಣೆಯಲ್ಲಿ, ನಾವು ಪಡಸಾಲೆಯಲ್ಲಿ, ಮಾರ್ಕ್ಸ್ ಮಾತು ತೆಗೆದವರು ಮುಂದಿನ ವಾರ ಗಿರ್ಮಿಟ್ ತರಬೇಕು. ಈಗ ಯಾರೂ ತೆಗೆಯುವುದಿಲ್ಲ, ಗಿರ್ಮಿಟ್ ನಾನೇ ಮಾಡುತ್ತೇನೆ.

ಒಳಗೆ ಮಕ್ಕಳ ಜೊತೆ ಕೂರುವವರು ಒಬ್ಬ ನಿವೃತ್ತ ಗಣಿತ ಲೆಕ್ಚರರ್. ಅವರನ್ನು ಒಪ್ಪಿಸಿದ್ದು ಹೇಗೆ ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ. ಪಾಠ ಮಾಡುವುದಿಲ್ಲ ಅವರು. ಒಂದು ದಿನ ಕೇಳಿದ್ದು ಒಂದೇ ಪ್ರಶ್ನೆ: 9 ಅಂದರೆ 4+5, 2+3+4 ಕೂಡ, ಹೀಗೆ ಸಾಲಾಗಿ ಬರುವ ಅಂಕಿ ಕೂಡಿಸಿ ಬರೆಯಲು ಆಗದ ಸಂಖ್ಯೆ ಯಾವುವು? ಮಗಳು ಹಳೆ ಲಗ್ನಪತ್ರಿಕೆಯ ಹಿಂದೆ ಬರೆಯುತ್ತ ಹೋದಳು. 2, 4, 8, 16 ಉಳಿದವು. "32ನೂ ಆಗಂಗಿಲ್ಲ ನೋಡ್ರಿ ಸರ್" ಅಂದಳು, ಬರೆದು ನೋಡದೆಯೇ. "ಹೌದು, ಯಾಕ?" ಅಂದರು ಅವರು. ಆ 'ಯಾಕ' ಮುಗಿಯಲು ಒಂದು ತಿಂಗಳ ಮೇಲಾಯಿತು. ಅಬ್ಯಾಕಸ್‌ನಲ್ಲಿ ಮೂರು ತಿಂಗಳು ಸುಮ್ಮನೆ ಕಾಯಿಸಿದ್ದು ಇದೇ ಹುಡುಗಿಯನ್ನು!

ಪಡಸಾಲೆಯಲ್ಲಿ ನಮಗೆ ಸಿಕ್ಕದ್ದು ಇನ್ನೂ ಹೆಚ್ಚು. "ಮಗಳು ಶಾಣ್ಯಾ ಇದ್ದಾಳ, ನಿಮಗೇನ್ ಬಿಡ್ರಿ" ಅನ್ನುವ ನೆಂಟರ ಮುಂದೆ ಕಷ್ಟ ಹೇಳಿಕೊಳ್ಳಲಾಗದು. ಇಲ್ಲಿ ಹೇಳಬಹುದು. ನಮ್ಮ ಹೆಚ್ಚಿನ ಮಕ್ಕಳ ಕೈಬರಹ ಕಾಗೆ ಕಾಲು. ತಲೆ ಓಡಿದಷ್ಟು ಕೈ ಓಡದು ಅಂತ ತಿಳಿದದ್ದೇ ಬೈಯುವುದು ಅರ್ಧ ನಿಂತಿತು. ಈಗ ಮನೆಯಲ್ಲಿ ಮಗಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ಶಾಲೆಯದ್ದು ಮಾತ್ರ ತಾನೇ ಬರೆಯಬೇಕು.

ನಡುವೆ ಒಂದು ಟೆಲಿಸ್ಕೋಪ್ ಹುಚ್ಚು ಹಿಡಿದಿತ್ತು. ಎಲ್ಲರೂ ಸೇರಿ 9,000 ಹಾಕಿದೆವು, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅದು ಅಟ್ಟ ಸೇರಿತು. ಅದೇ ಮಳೆಯನ್ನು ಬಾಟಲಿ, ಸ್ಕೇಲ್ ಇಟ್ಟು ಅಳೆಯಲು ಶುರು ಮಾಡಿದ್ದು ನಯಾಪೈಸೆ ಖರ್ಚಿಲ್ಲದೆ ನಡೆದಿದೆ. ರದ್ದಿ ಅಂಗಡಿಯಲ್ಲಿ ಮಕ್ಕಳ ವಿಜ್ಞಾನ ಪತ್ರಿಕೆ 'ಬಾಲವಿಜ್ಞಾನ'ದ ಹಳೆ ಸಂಚಿಕೆಗಳ ಕಟ್ಟು ತೂಕದ ಲೆಕ್ಕದಲ್ಲಿ ಸಿಕ್ಕಿತು, ನಮ್ಮ ಅತಿ ಅಗ್ಗದ ವ್ಯಾಪಾರ ಅದೇ. ಈಗ ತಿಂಗಳ ಖರ್ಚು ಚಹಾ, ಝೆರಾಕ್ಸ್ ಎಲ್ಲಾ ಸೇರಿ ಮನೆಗೆ 200 ದಾಟುವುದಿಲ್ಲ.

ಇನ್ನೊಂದು ಮಾತು. ಶಾಲೆಗೆ ಹೋಗುವಾಗ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪ್ರತಿಭಾವಂತ ಮಕ್ಕಳ ಬಗ್ಗೆ ಇರುವ ಪುಟದ ಪ್ರಿಂಟ್ ಒಯ್ಯಿರಿ. ಶಾಲೆ, ಜಿಲ್ಲೆ ಮಟ್ಟದಲ್ಲಿ ವಿಷಯವಾರು ಕೂಟಗಳಿಗೆ ಪ್ರೋತ್ಸಾಹ ಅಂತ ಅದರಲ್ಲಿದೆ. ನಾನು ಮೇಜಿನ ಮೇಲಿಟ್ಟೆ, ಜಗಳ ಆಡಲಿಲ್ಲ. ಏಳನೇ ಕ್ಲಾಸು ಈಗಲೂ ಇಲ್ಲ, ಆದರೆ ಗಣಿತದ ಪಿರಿಯಡ್‌ನಲ್ಲಿ ಲೈಬ್ರರಿಗೆ ಹೋಗಿ ನಮ್ಮ ಭಾನುವಾರದ ಸರ್ ಕೊಟ್ಟ ಲೆಕ್ಕ ಮಾಡಲು ಬಿಟ್ಟಿದ್ದಾರೆ. ನೀವು ಶುರು ಮಾಡುವುದಾದರೆ ಮೇ ತಿಂಗಳು ಬೇಡ, ಅರ್ಧ ಮಂದಿ ಊರಿಗೆ ಹೋಗಿರುತ್ತಾರೆ. ಜೂನ್ ಎರಡನೇ ವಾರ ನೋಡಿ.