ಪ್ರಾಥಮಿಕ ಶಾಲೆಯ ಟೀಚರ್ ಆಗಲು ಪದವಿ: ಅರ್ಹತೆಯ ಪಟ್ಟಿಯನ್ನು ಕೊನೆಯಿಂದ ಓದಿ

ತರಬೇತಿಗೆ ಬಂದ ವಿದ್ಯಾರ್ಥಿಗಳು ಪಾಠ ಮಾಡುವಾಗ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನೋಡುವುದು, ನೋಡಿದ್ದನ್ನು ಬರೆದು ಕೊಡುವುದು ನನ್ನ ಕೆಲಸ. ಹಾಗಾಗಿ ಪ್ರಾಥಮಿಕ ಶಾಲೆಯ ಶಿಕ್ಷಕರಾಗಲು ಯಾವ ಪದವಿ ಮಾಡಬೇಕು, ಅದಕ್ಕೆ ಏನೇನು ಬೇಕು ಎಂದು ಕೇಳಿಕೊಂಡು ಬರುವವರು ಜಾಸ್ತಿ. ಬಹುತೇಕ ಎಲ್ಲರ ಮೊದಲ ಪ್ರಶ್ನೆ ಒಂದೇ: ಸೀಟು ಸಿಗಲು ಎಷ್ಟು ಅಂಕ ಬೇಕು?

ನಾನು ಹೇಳುವ ದಾರಿ ಉಲ್ಟಾ. ಕೊನೆಯಿಂದ ಶುರು ಮಾಡಿ. ಎಲ್ಲಿ, ಯಾವ ತರಗತಿಯ ಮಕ್ಕಳಿಗೆ ಕಲಿಸಬೇಕು ಎಂದು ಮೊದಲು ಯೋಚಿಸಿ. ಅಲ್ಲಿ ಕಲಿಸಲು ಅನುಮತಿ ಕೊಡುವವರು ಯಾರು, ಅವರು ಯಾವ ಪದವಿಯನ್ನು ಒಪ್ಪುತ್ತಾರೆ ಎಂದು ನೋಡಿ. ಆಮೇಲೆ ಕೋರ್ಸ್ ಹುಡುಕಿ. ಸೀಟಿನ ಅಂಕದ ಲೆಕ್ಕ ಕೊನೆಗೆ ಬರಲಿ.

ಇದಕ್ಕೆ ಕಾರಣ ಇದೆ. ಪದವಿ ಕೊಡುವುದು ವಿಶ್ವವಿದ್ಯಾಲಯ. ಕಲಿಸುವ ಅನುಮತಿ ಕೊಡುವುದು ಸರ್ಕಾರ ಅಥವಾ ಸರ್ಕಾರ ನೇಮಿಸಿದ ಸಂಸ್ಥೆ. ಒಂದು ಸಿಕ್ಕರೆ ಇನ್ನೊಂದು ತಾನಾಗಿಯೇ ಸಿಗುತ್ತದೆ ಎಂದು ಅಂದುಕೊಳ್ಳಬೇಡಿ. ಭಾರತದಲ್ಲೇ ನೋಡಿ. ಬಿ.ಎಡ್. ಮಾಡಿದವರೂ 1ರಿಂದ 5ನೇ ತರಗತಿಗೆ ಕಲಿಸಬಹುದು ಎಂದು 2018ರಲ್ಲಿ ಅಧಿಸೂಚನೆ ಬಂತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದು ಸರಿಯಲ್ಲ ಎಂದಿತು. ಚಿಕ್ಕ ಮಕ್ಕಳಿಗೆ ಕಲಿಸುವ ತರಬೇತಿಯೇ ಬೇರೆ, ಬಿ.ಎಡ್. ಅದಕ್ಕಾಗಿ ಮಾಡಿದ ಕೋರ್ಸ್ ಅಲ್ಲ ಎಂಬುದು ಅದರ ತಿರುಳು. ಬಿ.ಎಡ್. ಕೈಯಲ್ಲಿ ಹಿಡಿದು ಪ್ರಾಥಮಿಕ ಶಾಲೆಯ ಕೆಲಸಕ್ಕೆ ಕಾದಿದ್ದವರಿಗೆ ದೊಡ್ಡ ಪೆಟ್ಟು ಬಿತ್ತು. ಆ ಸಂಕಟ ನನಗೂ ಅರ್ಥವಾಗುತ್ತದೆ. ಆದರೆ ಆ ಮಾತು ನಿಜ ಎಂದೇ ನನ್ನ ನಂಬಿಕೆ.

ಇನ್ನೊಂದು ಮೆಟ್ಟಿಲು ಅರ್ಹತಾ ಪರೀಕ್ಷೆ. ಭಾರತದ ಕೇಂದ್ರೀಯ ಶಿಕ್ಷಕ ಅರ್ಹತಾ ಪರೀಕ್ಷೆ, ಅಂದರೆ ಸಿ.ಟಿ.ಇ.ಟಿ.ಯ ಮೊದಲ ಪತ್ರಿಕೆ 1ರಿಂದ 5ನೇ ತರಗತಿಯ ಶಿಕ್ಷಕರಿಗೆ. ಒಟ್ಟು 150 ಪ್ರಶ್ನೆ. ಮಕ್ಕಳ ಬೆಳವಣಿಗೆ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ, ಪ್ರತಿಯೊಂದಕ್ಕೂ 30. ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ಅದರದೇ ಲೈಸೆನ್ಸ್ ಇದೆ. ರಾಜ್ಯ ಬದಲಾಯಿಸಿದರೆ ಹೊಸದಾಗಿ ಅರ್ಜಿ ಹಾಕಬೇಕು. ಇಂಗ್ಲೆಂಡಿನಲ್ಲಿ ಪದವಿಯ ಜೊತೆಗೆ ಅರ್ಹ ಶಿಕ್ಷಕ ಎಂಬ ಮಾನ್ಯತೆಯೂ ಸಿಗುವ ಕೋರ್ಸ್‌ಗಳಿವೆ, ಸಿಗದವೂ ಇವೆ. ಎರಡರ ಹೆಸರೂ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ. ಕೋರ್ಸ್ ಮುಗಿದ ಮೇಲೆ ಯಾವ ತರಗತಿಗೆ ಕಲಿಸಲು ಅನುಮತಿ ಸಿಗುತ್ತದೆ ಎಂದು ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಎಷ್ಟು ವರ್ಷ ಓದಬೇಕು? ದೇಶದಿಂದ ದೇಶಕ್ಕೆ ಬೇರೆ. ಫಿನ್‌ಲೆಂಡಿನಲ್ಲಿ 1970ರ ದಶಕದ ಕೊನೆಯಿಂದ ಒಂದನೇ ತರಗತಿಯ ಟೀಚರಿಗೂ ಸ್ನಾತಕೋತ್ತರ ಪದವಿ ಬೇಕು. ಒಟ್ಟು 300 ಕ್ರೆಡಿಟ್, ಅಂದರೆ ಐದು ವರ್ಷದ ಓದು. ನಾರ್ವೆ 2017ರಲ್ಲಿ ಅದೇ ದಾರಿ ಹಿಡಿಯಿತು. ದೆಹಲಿ ವಿಶ್ವವಿದ್ಯಾಲಯ 1994ರಲ್ಲಿ ಪ್ರಾಥಮಿಕ ಹಂತದ ಶಿಕ್ಷಕರಾಗುವವರಿಗೆಂದೇ ನಾಲ್ಕು ವರ್ಷದ ಬಿ.ಎಲ್.ಎಡ್. ಪದವಿ ಶುರು ಮಾಡಿತು. ಬೇರೆ ಪದವಿ ಮುಗಿಸಿ, ಮೇಲೆ ಒಂದು ವರ್ಷದ ಶಿಕ್ಷಕ ತರಬೇತಿ ಪಡೆಯುವ ದಾರಿಯೂ ಹಲವು ಕಡೆ ಇದೆ. ಹದಿನೆಂಟರ ಹರೆಯದವರಿಗೆ ನಾನು ಹೇಳುವುದು ನಾಲ್ಕು ವರ್ಷದ್ದನ್ನೇ. ಮೊದಲ ವರ್ಷ ಒಂದು ಮಗುವನ್ನು ಗಮನಿಸುತ್ತೀರಿ. ಮುಂದೆ ನಾಲ್ಕೈದು ಮಕ್ಕಳ ಗುಂಪು. ಕೊನೆಗೆ ಇಡೀ ತರಗತಿ. ಒಂದೇ ವರ್ಷದಲ್ಲಿ ಇದೆಲ್ಲ ಆಗಬೇಕಾದರೆ ಉಸಿರಾಡಲೂ ಬಿಡುವಿರುವುದಿಲ್ಲ.

ಇನ್ನು ಪಠ್ಯಕ್ರಮ. ಕಾಲೇಜಿನ ಕಟ್ಟಡದ ಫೋಟೋ ಬಿಡಿ, ವಿಷಯಗಳ ಪಟ್ಟಿ ತೆಗೆಯಿರಿ. ಗಣಿತ ಎಷ್ಟಿದೆ ಎಂದು ಮೊದಲು ನೋಡಿ. "ಚಿಕ್ಕ ಮಕ್ಕಳ ಗಣಿತ ತಾನೇ, ಕೂಡುವುದು ಕಳೆಯುವುದು ಯಾರಿಗೆ ಬರಲ್ಲ?" ಎಂದು ಸುಮ್ನೆ ಹೇಳಿಬಿಡುತ್ತಾರೆ. ಒಂದು ಉದಾಹರಣೆ ಕೊಡುತ್ತೇನೆ. 52ರಲ್ಲಿ 37 ಕಳೆ ಎಂದರೆ ಮಗು 25 ಎಂದು ಬರೆಯುತ್ತದೆ. ಸರಿಯುತ್ತರ 15. ತಪ್ಪು ಎಂದು ಕೆಂಪು ಗೆರೆ ಎಳೆಯಲು ಯಾವ ಪದವಿಯೂ ಬೇಕಿಲ್ಲ. ಆದರೆ ಆ 25 ಎಲ್ಲಿಂದ ಬಂತು? 2ರಲ್ಲಿ 7 ಹೋಗುವುದಿಲ್ಲ, ಹಾಗಾಗಿ ಮಗು 7ರಲ್ಲಿ 2 ಕಳೆದಿದೆ. ಬಿಡಿ, ಹತ್ತು ಎಂಬ ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ತೆಗೆಯಬೇಕು ಎಂಬ ನಿಯಮವನ್ನು ತಾನೇ ಮಾಡಿಕೊಂಡಿದೆ. ಅದಕ್ಕೆ ಇನ್ನೂ ಹತ್ತು ಲೆಕ್ಕ ಕೊಟ್ಟರೆ ಹತ್ತೂ ಹೀಗೇ ತಪ್ಪುತ್ತವೆ. ಐದು ಹತ್ತುಗಳಲ್ಲಿ ಒಂದನ್ನು ಬಿಚ್ಚಿ ಹತ್ತು ಬಿಡಿಗಳಾಗಿ ಕೈಯಲ್ಲಿ ಹಿಡಿದು ತೋರಿಸಬೇಕು. ಕಡ್ಡಿಗಳ ಕಟ್ಟು ಸಾಕು. ಮೂರನೇ ಒಂದಕ್ಕಿಂತ ನಾಲ್ಕನೇ ಒಂದು ದೊಡ್ಡದು, ಯಾಕೆಂದರೆ 4 ದೊಡ್ಡದು ಎನ್ನುವ ಮಗುವಿನದೂ ಇದೇ ಕಥೆ. ಲೆಕ್ಕ ಗೊತ್ತಿರುವುದು ಒಂದು, ಅದು ಮಗುವಿನ ತಲೆಯಲ್ಲಿ ಹೇಗೆ ಓಡುತ್ತದೆ ಎಂದು ಗೊತ್ತಿರುವುದು ಇನ್ನೊಂದು. ಲೀ ಶುಲ್ಮನ್ ಎಂಬ ಅಮೆರಿಕದ ವಿದ್ವಾಂಸರು 1986ರಲ್ಲಿ ಈ ಎರಡನೆಯದನ್ನು ಶಿಕ್ಷಕರಿಗೆ ಮಾತ್ರ ಬೇಕಾದ ವಿಶೇಷ ಜ್ಞಾನ ಎಂದು ಗುರುತಿಸಿದರು. ಇದನ್ನು ಕಲಿಸುವ ಪತ್ರಿಕೆ ನಿಮ್ಮ ಕೋರ್ಸಿನಲ್ಲಿ ಇರಲೇಬೇಕು.

ಓದು ಕಲಿಸುವ ಪತ್ರಿಕೆಯೂ ಅಷ್ಟೇ ಮುಖ್ಯ. ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದಲ್ಲಿ ಐದು ಅಂಶಗಳನ್ನು ಎತ್ತಿ ಹೇಳಿತು: ಮಾತಿನ ಧ್ವನಿಗಳನ್ನು ಬಿಡಿಸಿ ಕೇಳುವುದು, ಧ್ವನಿಯನ್ನು ಅಕ್ಷರಕ್ಕೆ ಜೋಡಿಸುವುದು, ಸರಾಗವಾಗಿ ಓದುವುದು, ಪದಗಳ ಪರಿಚಯ, ಓದಿದ್ದರ ಅರ್ಥ. ಇವು ಪಠ್ಯಕ್ರಮದಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆಯೇ ನೋಡಿ. ಬರೀ "ಭಾಷಾ ಬೋಧನೆ" ಎಂದಿದ್ದರೆ ಒಳಗೆ ಏನಿದೆ ಎಂದು ಕೇಳಿ. ಮಕ್ಕಳ ಮನಸ್ಸಿನ ಬೆಳವಣಿಗೆ, ವಿಶೇಷ ಅಗತ್ಯವಿರುವ ಮಕ್ಕಳ ಕಲಿಕೆ, ಮೌಲ್ಯಮಾಪನ, ಇವು ಸಾಮಾನ್ಯವಾಗಿ ಎಲ್ಲ ಕಡೆ ಇದ್ದೇ ಇರುತ್ತವೆ.

ಎಲ್ಲಕ್ಕಿಂತ ಮುಖ್ಯ ಶಾಲೆಯಲ್ಲಿ ಕಳೆಯುವ ದಿನಗಳು. ಇಂಗ್ಲೆಂಡಿನಲ್ಲಿ ಮೂರು ವರ್ಷದ ಶಿಕ್ಷಕ ಪದವಿಗೆ ಕನಿಷ್ಠ 120 ದಿನ, ನಾಲ್ಕು ವರ್ಷದ್ದಕ್ಕೆ 160 ದಿನ ಶಾಲೆಯಲ್ಲಿ ಇರಬೇಕು, ಅದೂ ಕನಿಷ್ಠ ಎರಡು ಶಾಲೆಗಳಲ್ಲಿ. ನಿಮ್ಮ ಕೋರ್ಸಿನಲ್ಲಿ ಎಷ್ಟು? ಆ ದಿನಗಳಲ್ಲಿ ನೀವೇ ಪಾಠ ಮಾಡುವುದು ಎಷ್ಟು, ಸುಮ್ಮನೆ ಕೂತು ನೋಡುವುದು ಎಷ್ಟು? ನಿಮ್ಮ ಪಾಠವನ್ನು ಪೂರ್ತಿ ಕೂತು ನೋಡಿ, ಆಮೇಲೆ ಮಾತಾಡುವವರು ಇದ್ದಾರೆಯೇ? ಇವುಗಳಿಗೆ ಉತ್ತರ ಹೇಳಲು ತಡವರಿಸುವ ಕಾಲೇಜನ್ನು ಬಿಟ್ಟುಬಿಡಿ.

ಹಿಂದಿನ ಬೆಂಚಿನಲ್ಲಿ ಕೂತು ನಾನು ಮೊದಲು ಗಮನಿಸುವುದು ಪ್ರಶ್ನೆ ಕೇಳಿದ ಮೇಲಿನ ಮೌನ. ಹೊಸಬರು ಪ್ರಶ್ನೆ ಕೇಳುತ್ತಾರೆ, ಯಾರೂ ಕೈ ಎತ್ತದಿದ್ದರೆ ಗಾಬರಿಯಾಗಿ ತಾವೇ ಉತ್ತರ ಹೇಳಿಬಿಡುತ್ತಾರೆ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಇದನ್ನೇ ಅಳೆದು ನೋಡಿದರು. ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡ್ ಅಷ್ಟೇ. ಮೂರು ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ, ಅಲ್ಲಿಯವರೆಗೆ ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ. ಇದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆಯಬಹುದು. ತರಗತಿಯಲ್ಲಿ ಮೂರು ಸೆಕೆಂಡ್ ತಾಳ್ಮೆಯಿಂದ ನಿಲ್ಲಲು ಮಾತ್ರ ಅಭ್ಯಾಸವೇ ಬೇಕು. ಈ ಶಾಲಾ ಅಭ್ಯಾಸವನ್ನು ಪ್ರತ್ಯೇಕವಾಗಿ ಪಾಸು ಮಾಡಬೇಕು ಎಂಬ ನಿಯಮ ಹಲವು ಕೋರ್ಸ್‌ಗಳಲ್ಲಿದೆ. ಅಲ್ಲಿ ಫೇಲಾದರೆ ಥಿಯರಿಯ ಅಂಕ ಕೈಹಿಡಿಯುವುದಿಲ್ಲ. ಪಾಠಯೋಜನೆ, ದಿನಚರಿ, ವೀಕ್ಷಕರ ಟಿಪ್ಪಣಿ ಎಲ್ಲವನ್ನೂ ಮೊದಲ ದಿನದಿಂದ ಒಂದೇ ಫೈಲಿನಲ್ಲಿ ಇಡಿ.

ಈಗ ಪ್ರವೇಶ. ಹನ್ನೆರಡನೇ ತರಗತಿ ಅಥವಾ ಅದಕ್ಕೆ ಸಮನಾದದ್ದು ಪಾಸಾಗಿರಬೇಕು. ಭಾಷೆ ಮತ್ತು ಗಣಿತದ ಅಂಕವನ್ನು ಬೇರೆಯಾಗಿ ನೋಡುವವರಿದ್ದಾರೆ. ಇಂಗ್ಲೆಂಡಿನಲ್ಲಿ ಪ್ರಾಥಮಿಕ ತರಗತಿಗಳಿಗಾದರೆ ವಿಜ್ಞಾನವೂ ಬೇಕು. ಕೆಲವು ಕಡೆ ಪ್ರವೇಶ ಪರೀಕ್ಷೆ, ಕೆಲವು ಕಡೆ ಸಂದರ್ಶನ, ಫಿನ್‌ಲೆಂಡಿನಲ್ಲಿ ಎರಡೂ. ಸಂದರ್ಶನದಲ್ಲಿ "ನನಗೆ ಮಕ್ಕಳೆಂದರೆ ಇಷ್ಟ" ಎಂದಷ್ಟೇ ಹೇಳಿದರೆ ಸಾಲದು. ಅರ್ಜಿ ಹಾಕುವ ಮೊದಲೇ ಕೆಲವು ವಾರ ಯಾವುದಾದರೂ ಶಾಲೆಯಲ್ಲಿ ಅಥವಾ ಲೈಬ್ರರಿಯ ಓದುವ ಗುಂಪಿನಲ್ಲಿ ಮಕ್ಕಳ ಜೊತೆ ಇರಿ. ಒಂದು ಮಗು ಎಲ್ಲಿ ತಡವರಿಸಿತು, ನೀವು ಏನು ಮಾಡಿದಿರಿ, ಆಮೇಲೆ ಏನಾಯಿತು ಎಂದು ಬರೆದಿಡಿ. ಸಂದರ್ಶನದಲ್ಲಿ ಅದನ್ನೇ ಹೇಳಿ.

ದಾಖಲೆಗಳಲ್ಲಿ ತಡವಾಗುವುದು ಪೊಲೀಸ್ ಪರಿಶೀಲನೆ ಮತ್ತು ವೈದ್ಯರ ಪ್ರಮಾಣಪತ್ರ. ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಇವುಗಳನ್ನು ಹಲವು ಕಡೆ ಕೇಳುತ್ತಾರೆ. ಇವಿಲ್ಲದೆ ಶಾಲೆಯ ಒಳಗೆ ಬಿಡದಿದ್ದರೆ ಅಭ್ಯಾಸದ ದಿನಗಳು ಅಲ್ಲೇ ಕಡಿಮೆಯಾಗುತ್ತವೆ. ಸೀಟು ಖಚಿತವಾದ ವಾರವೇ ಅರ್ಜಿ ಕೊಡಿ. ಬೇರೆ ದೇಶದಲ್ಲಿ ಓದಿದವರು ಅಂಕಪಟ್ಟಿಯ ಜೊತೆಗೆ ಪಠ್ಯಕ್ರಮದ ಪ್ರತಿ, ಶಾಲಾ ಅಭ್ಯಾಸದ ದಿನಗಳ ದೃಢೀಕರಣ ಪತ್ರ ಎರಡನ್ನೂ ಕಾಲೇಜು ಬಿಡುವ ಮೊದಲೇ ತೆಗೆದುಕೊಳ್ಳಿ. ನಿಮ್ಮ ಪದವಿ ಇಲ್ಲಿನ ಪದವಿಗೆ ಸಮವೇ ಎಂದು ಪರಿಶೀಲಿಸುವವರು ಕೇಳುವುದು ಅವನ್ನೇ.